ಜನರಿದ್ದ ಗ್ಯಾಲರಿಯ ಮುಂದೆ

“ಸುಮ್ನೆ ಕೂತಿರಿ ಅಮ್ಮ, ಫೋಟೋ ಆದ ತಕ್ಷಣ ಇಳಿಸ್ತೀವಿ,” ಎಂದು ಮ್ಯಾನೇಜರ್ ಹೇಳುವಷ್ಟರಲ್ಲಿ, ಎಪ್ಪತ್ತು ದಾಟಿದ ಆಕೆ ರಿಕಾಪಿನಲ್ಲಿ ಕಾಲಿಟ್ಟು ಕುದುರೆಯ ಬೆನ್ನೇರಿಯಾಗಿತ್ತು. ಮುಚ್ಚಿ ವರ್ಷಗಳಾಗಿದ್ದ ಆ ರೇಸ್ ಕೋರ್ಸನ್ನು ನಾಳೆಯಿಂದ ಅಗೆದು ಮನೆ ಕಟ್ಟುವವರಿದ್ದರು. ಬೀಳ್ಕೊಡುಗೆ ಸಮಾರಂಭಕ್ಕೆ ಕರೆದಿದ್ದು, ಫೋಟೋಗೆಂದು ಕುದುರೆ ಹತ್ತಿಸಬೇಕೆಂದಿದ್ದು ಹಳೆಯ ಜಾಕಿಯಾದ ಆಕೆಯ ಗಂಡನನ್ನು. ಆತ ಮೈಕಿನ ಮುಂದೆ ನಿಂತು, “ಕಪ್ ಗೆದ್ದೋನು ನಾನೇ, ನಿಜ. ಆದ್ರೆ ಆ ಕುದುರೆಗಳನ್ನ ದಿನಾ ಬೆಳಗ್ಗೆ ಓಡಿಸಿ ಪಳಗಿಸಿದ್ದು ಇವಳು. ಹತ್ತಿಸೋದಾದ್ರೆ ಇವಳನ್ನ ಹತ್ತಿಸಿ,” ಎಂದುಬಿಟ್ಟಿದ್ದ.

ಆಗೆಲ್ಲ ಹೆಂಗಸರಿಗೆ ರೇಸಿನ ಲೈಸೆನ್ಸ್ ಕೊಡುತ್ತಿರಲಿಲ್ಲ. ಮಂಜು ಕರಗುವ ಮುನ್ನ ಖಾಲಿ ಗ್ಯಾಲರಿಯ ಮುಂದೆ ಓಡಿಸಿ, ಬೆವರಿದ ಕುದುರೆಯನ್ನು ಲಾಯಕ್ಕೆ ಸೇರಿಸಿ, ಜನ ಬರುವ ಹೊತ್ತಿಗೆ ಆಕೆ ಮನೆಯಲ್ಲಿರಬೇಕಿತ್ತು. ಮಧ್ಯಾಹ್ನದ ರೇಸಿನ ಗದ್ದಲ ಆಕೆಗೆ ಅಡುಗೆಮನೆಯ ಕಿಟಕಿಯಿಂದ ಕೇಳಿಸುತ್ತಿತ್ತು.

ಈಗ ಗ್ಯಾಲರಿಯಲ್ಲಿ ಜನರಿದ್ದರು. ಕುದುರೆಯ ಕಿವಿಗಳು ನೆಟ್ಟಗಾಗಿದ್ದವು. ಆಕೆ ಲಗಾಮನ್ನು ಬಿಗಿಹಿಡಿದಳು.

“ಹಗ್ಗ ಬಿಡಪ್ಪ,” ಎಂದಳು, ಕುದುರೆಯನ್ನು ಹಿಡಿದು ನಿಂತವನಿಗೆ. ಅವನು ಮ್ಯಾನೇಜರ್ ಮುಖ ನೋಡಿದ.

“ಬೇಡಮ್ಮ, ಈ ವಯಸ್ಸಲ್ಲಿ ಬಿದ್ದುಗಿದ್ದೀರಿ,” ಎಂದ ಮ್ಯಾನೇಜರ್.

“ಬಿದ್ರೆ ಎದ್ದೇಳ್ತೀನಿ. ಆಗ್ಲಿಲ್ಲ ಅಂದ್ರೆ ನಮ್ಮ ಯಜಮಾನರು ಎಬ್ಬಿಸ್ತಾರೆ. ಈ ಜನ್ಮದಲ್ಲಿ ಅದೊಂದು ಕೆಲಸ ಅವರಿಗೆ ಬಾಕಿ ಇದೆ.”

ಗಂಡ ನಗುತ್ತಲೇ ಮ್ಯಾನೇಜರ್ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡ. ಹಗ್ಗ ಸಡಿಲಾಯಿತು. ಆಕೆ ಕುದುರೆಯ ಕತ್ತಿನ ಮೇಲೆ ಬಾಗಿ ಹಿಮ್ಮಡಿ ಒತ್ತಿದಳು. ಮೊದಲ ತಿರುವು ದಾಟುವಷ್ಟರಲ್ಲಿ ಗ್ಯಾಲರಿಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತಿದ್ದರು.