ಒಂದೇ ಮಾಮನ ಎರಡು ಸೀರು

ಏಳನೆಯ ತಟ್ಟೆಯ ಮೇಲಿನ ವಸ್ತ್ರ ಸರಿದಾಗ ತಿಲಗವತಿಯ ಮುಖದಲ್ಲಿದ್ದ ನಗು ಇದ್ದಲ್ಲೇ ಒಣಗಿತು. ಅದುವರೆಗೆ ಎಲ್ಲ ಸರಿಯಾಗಿಯೇ ಇತ್ತು. ವೇದಸಂದೂರಿನ ತಂಗಿ ಮುತ್ತುಸೆಲ್ವಿಯ ಮನೆಯಲ್ಲಿ ಅವತ್ತು ಮಗನಿಗೆ ಕಿವಿ ಚುಚ್ಚುವ ಶಾಸ್ತ್ರ. ಸಿಂಗಾಪುರದಿಂದ ಬಂದಿದ್ದ ತಮ್ಮ ತಂಗರಾಜ್, ಸೋದರಮಾವ ಕೊಡಬೇಕಾದ ಉಡುಗೊರೆಯನ್ನು, ಅವರ ಮಾತಿನಲ್ಲಿ ಸೀರನ್ನು, ತಟ್ಟೆ ತಟ್ಟೆಯಾಗಿ ಹೊರಿಸಿಕೊಂಡು ಬಂದಿದ್ದ. ತೆಂಗಿನಕಾಯಿ, ಬಾಳೆಹಣ್ಣು, ದ್ರಾಕ್ಷಿ, ರೇಷ್ಮೆ ಅಂಗಿ, ಕಿವಿಯ ಚಿನ್ನ. ತೊಂಬತ್ತಾರರಲ್ಲಿ ತನ್ನ ಮಗ ಸತೀಶನಿಗೆ ಬಂದದ್ದೇ. ಒಂದು ಕಾಯಿ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಅವರ ಕಡೆ ಮಾಮನಾದವನು ಒಬ್ಬ ಅಕ್ಕನ ಮಗನಿಗೆ ಕೊಟ್ಟದ್ದನ್ನೇ ಇನ್ನೊಬ್ಬ ಅಕ್ಕನ ಮಗನಿಗೂ ಕೊಡಬೇಕು. ಕೊಟ್ಟನೋ ಇಲ್ಲವೋ ನೋಡಲೆಂದೇ ಹತ್ತು ಹೆಂಗಸರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಏಳನೆಯ ತಟ್ಟೆಯಲ್ಲಿದ್ದದ್ದು ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮು. ಸತೀಶನಿಗೂ ಬಂದಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಅವನದು ಇಟ್ಟಿಗೆಯಷ್ಟು ದಪ್ಪ, ಬೂದು ಬಣ್ಣ, ಒಳಗೆ ಓಡುವುದೆಲ್ಲ ಪಾಚಿಹಸಿರು. ನಾಲ್ಕು ಸೆಲ್ಲು ನುಂಗುವ ಹೊಟ್ಟೆ ಬೇರೆ. ಇದೋ ನೇರಳೆ ಹಣ್ಣಿನ ಬಣ್ಣದ್ದು, ಅಂಗೈಯೊಳಗೆ ಕೂರುವಂಥದ್ದು. ಪರದೆಯಲ್ಲಿ ಕೆಂಪು ಕೆಂಪಾಗಿತ್ತು, ನೀಲಿ ನೀಲಿಯಾಗಿತ್ತು.

“ಏನ್ ತಂಬಿ ಇದು?”

“ದೊಡ್ಡಕ್ಕಾ, ನಿನ್ನಾಣೆ, ಅದನ್ನೇ ಕೇಳಿದೆ. ಅಂಗಡಿಯವನು ನಕ್ಕುಬಿಟ್ಟ. ಅದೆಲ್ಲ ಹಳೇದಾಯ್ತು, ಕಂಪನಿಯವರೇ ಹೊಸದು ಮಾಡಿದಾರೆ ಅಂದ.”

“ನಮ್ಮದು ಇನ್ನೂ ಓಡ್ತಾ ಇದೆಯಲ್ಲ! ಓಡ್ತಾ ಇರುವಾಗಲೇ ಇನ್ನೊಂದು ಏಕೆ ಮಾಡ್ಬೇಕು? ಅದೂ ಮೂರೇ ವರ್ಷಕ್ಕೆ? ಆ ಕಂಪನಿಯವನಿಗೆ ಅಕ್ಕ ತಂಗೀರು ಇಲ್ವಾ?”

“ಮತ್ತೆ ಎಷ್ಟು ವರ್ಷಕ್ಕೆ ಮಾಡ್ಬೇಕು ಅಂತೀಯ?”

“ಒಂದು ಮನೆಯ ಮಕ್ಕಳಿಗೆಲ್ಲ ಕಿವಿ ಚುಚ್ಚಿ ಮುಗಿಯೋ ತನಕ ಕಾಯ್ಬೇಕು!”

ಗೋಡೆಗೆ ಒರಗಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ತಾಯಿ ರಾಜಮ್ಮಾಳ್ ತಲೆ ಎತ್ತದೆ ಹೇಳಿದಳು: “ಸೆಲ್ವಿಯ ತೊಟ್ಟಿಲು ಹಿಡ್ಕೊಂಡು ನಿಂತು ಇವಳು ಇದನ್ನೇ ಕೇಳಿದ್ದಳು. ‘ನಾನು ಚೆನ್ನಾಗೇ ಇದೀನಲ್ಲವ್ವಾ, ಇನ್ನೊಂದು ಏಕೆ ತಂದೆ?’ ಅಂತ. ಆಗಲೂ ಇವಳಿಗೆ ಮೂರು ವರ್ಷವೇ.”

ಮುಂದಿನ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುತ್ತುಸೆಲ್ವಿ ನಗಲಿಲ್ಲ, ನಗದೇ ಇರುವಷ್ಟು ಗೆದ್ದಿದ್ದಳು. “ಹೋಗ್ಲಿ ಬಿಡಕ್ಕಾ,” ಎಂದಳು ಸಕ್ಕರೆ ಸವರಿದ ಹಾಗೆ. “ಸತೀಶನ ಹಳೇ ಕ್ಯಾಸೆಟ್ಟೆಲ್ಲ ಇದರಲ್ಲಿ ಓಡ್ತವಂತೆ. ಇದರದ್ದು ಮಾತ್ರ ಅದರಲ್ಲಿ ಓಡಲ್ವಂತೆ.” ತಿಲಗವತಿಗೆ ಇದೇನು ಹೊಸ ಸಂಗತಿಯಲ್ಲ. ಅವಳ ಲಂಗಗಳೆಲ್ಲ ತಂಗಿಗೆ ಆಗುತ್ತಿದ್ದವು. ತಂಗಿಗೆಂದು ಹೊಲಿಸಿದ ಒಂದೂ ಅವಳ ಸೊಂಟ ದಾಟಿರಲಿಲ್ಲ.

ಮಾಮನ ತೊಡೆಯ ಮೇಲೆ ಕೂತ ಮಗು ಕಿವಿ ಚುಚ್ಚಿಸಿಕೊಂಡು ಕಿರುಚುವ ಹೊತ್ತಿಗೆ ಅವಳು ಮಗನ ಕೈಯಿಂದ ಬೂದು ಡಬ್ಬಿಯನ್ನು ಕಿತ್ತುಕೊಂಡು ಮಹಡಿ ಹತ್ತಿದ್ದಳು. ತಲೆಯಲ್ಲಿ ಎಲ್ಲ ನಿಚ್ಚಳವಾಗಿತ್ತು. ಇದು ಒಡೆದರೆ ತಮ್ಮ ಇನ್ನೊಂದು ಕೊಡಲೇಬೇಕು. ಹಳೆಯದನ್ನು ಯಾರೂ ಮಾರುವುದಿಲ್ಲ. ಹಾಗಾದರೆ ಅವನು ತರಬೇಕಾದದ್ದು ಯಾವುದು? ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಆಕಾಶ ನೋಡುತ್ತ, ಒಣಗಿದ ಬಟ್ಟೆ ಮಡಿಸುವವಳಂತೆ ಮೊಣಕೈಯನ್ನು ಸ್ವಲ್ಪ ಅಗಲಿಸಿದಳು.

ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು. ಸದ್ದು ಚೆನ್ನಾಗಿಯೇ ಬಂತು. “ಅಯ್ಯೋ” ಎಂಬ ಕೂಗು ತುಸು ತಡವಾಗಿ ಬಂತು.

ಅವಳು ಇಳಿದು ಬರುವಷ್ಟರಲ್ಲಿ ಹಿತ್ತಲಲ್ಲಿ ಇಡೀ ಕೂಟ ಸೇರಿತ್ತು. ತಂಗರಾಜ್ ಮಂಡಿಯೂರಿ ಚದುರಿದ ನಾಲ್ಕು ಸೆಲ್ಲು ಹೆಕ್ಕಿ, ಒಂದೊಂದಾಗಿ ಒಳಗೆ ತುರುಕಿ, ಮುಚ್ಚಳ ಒತ್ತಿದ. ಗುಂಡಿ ಸರಿಸಿದ. ಮೂಲೆಯಲ್ಲಿ ಒಂದು ಗೀರು ಬಿದ್ದಿತ್ತು, ಅಷ್ಟೆ. ಪಾಚಿಹಸಿರು ಪರದೆ ಕಣ್ಣು ಬಿಟ್ಟು, ಎಂದಿನ ರಾಗವನ್ನು ಟೊಂಯ್ ಟೊಂಯ್ ಎಂದು ಶುರು ಮಾಡಿತು.

“ನೋಡು ದೊಡ್ಡಕ್ಕಾ! ಏನೂ ಆಗಿಲ್ಲ!” ಅವನ ಮುಖ ಅರಳಿಹೋಯಿತು. “ಗಟ್ಟಿ ಮಾಲು ಅಂದ್ರೆ ಇದು. ಇದನ್ನ ಬದಲಾಯಿಸೋ ಮಾತೇ ಬೇಡ. ಸತೀಶನ ಮಗನಿಗೆ ಕಿವಿ ಚುಚ್ಚೋ ತನಕ ಬರುತ್ತೆ.”

ತಿಲಗವತಿಗೆ ತಾನೇ ತನ್ನ ಕೈಯಾರೆ, ಅಲ್ಲ, ಮೊಣಕೈಯಾರೆ, ಬಾಗಿಲು ಮುಚ್ಚಿಕೊಂಡಂತಾಗಿತ್ತು.

ಆಗ ಹಿಂದಿನಿಂದ ಮುತ್ತುಸೆಲ್ವಿಯ ದನಿ ಕೇಳಿತು. ನೇರಳೆ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದಳು. “ತಂಬೀ, ನಮ್ಮದು ಹೀಗೆ ಬಿದ್ರೆ?”

ತಂಗರಾಜ್ ಅದನ್ನು ನೋಡಿದ, ಕಲ್ಲನ್ನು ನೋಡಿದ. “ನೀನು ಏಕೆ ಬೀಳಿಸ್ತೀಯ ಸಣ್ಣಕ್ಕಾ?”

“ಹಾಗಂದ್ರೆ?” ತಂಗಿಯ ದನಿಯಲ್ಲಿದ್ದ ಸಕ್ಕರೆ ಕರಗಿಹೋಗಿತ್ತು. “ಅವಳಿಗೆ ಗಟ್ಟಿದು, ನನಗೆ ಬರೀ ಬಣ್ಣದ್ದಾ?”

ಹತ್ತು ಹೆಂಗಸರ ಕತ್ತು ಒಟ್ಟಿಗೆ ತಂಗರಾಜನ ಕಡೆ ತಿರುಗಿತು. ತಿಲಗವತಿ ಅವಸರವಿಲ್ಲದೆ ಮುಂದೆ ಬಂದಳು. ತಮ್ಮನ ಕೈಯಿಂದ ಬೂದು ಡಬ್ಬಿಯನ್ನು ತೆಗೆದುಕೊಂಡು, ಗೀರು ಬಿದ್ದ ಮೂಲೆಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ಮೂರು ವರ್ಷದಿಂದ ಆ ರಾಗ ಕೇಳಿದಾಗಲೆಲ್ಲ ಮಗನಿಗೆ “ಸದ್ದು ಇಳಿಸೋ” ಎಂದು ಬೈಯುತ್ತಿದ್ದವಳು, ಪಕ್ಕದಲ್ಲಿದ್ದ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ತಳ್ಳಿ ಸದ್ದನ್ನು ಪೂರ್ತಿ ಏರಿಸಿದಳು.