ಎರಡನೆಯ ತಿಜೋರಿ

ತನಗಷ್ಟೇ ಗೊತ್ತಿದ್ದ ಗುಟ್ಟಿನ ಪದವನ್ನು ಮೈದುನ ಒತ್ತಿದೊಡನೆ, ತೀರಿಕೊಂಡ ಅಣ್ಣನ ಫೋನಿನಲ್ಲಿ ಪಾಸ್‌ವರ್ಡುಗಳ ಎರಡನೆಯ ತಿಜೋರಿ ತೆರೆಯಿತು. ಕರೆಂಟು, ಗ್ಯಾಸ್ ಬಿಲ್ಲಿನ ಪಾಸ್‌ವರ್ಡುಗಳಿದ್ದ ಮೊದಲನೆಯದನ್ನಷ್ಟೇ ಅತ್ತಿಗೆ ಬಲ್ಲಳು.

"ಮುಖ್ಯವಾದದ್ದನ್ನೆಲ್ಲ ಅಣ್ಣ ಇಲ್ಲಿ ಬೇರೆ ಇಡ್ತಿದ್ದ. ನಿಮ್ಮ ಬಾಯಲ್ಲಿ ಮಾತು ನಿಲ್ಲಲ್ಲ ಅಂತ ಭಯ ಅವನಿಗೆ," ಎಂದು ಮೈದುನ ನಕ್ಕ.

"ಅದೇನಪ್ಪಾ, 'ಮಗಳ ಫೋಟೋ' ಅಂತಿದೆ?"

ಅವನ ನಗು ನಿಂತಿತು. "ನೋಡಿದ್ರೆ ನೀವು ತಡ್ಕೊಳ್ಳಲ್ಲ ಅಂತ ಅಣ್ಣ... ಅತ್ತಿಗೆ."

ಮಗಳು ಸತ್ತಾಗ, ಅವಳ ಫೋಟೋಗಳೆಲ್ಲ ಕಳೆದುಹೋದ ಪಾಸ್‌ವರ್ಡಿನೊಂದಿಗೇ ಹೋದವೆಂದು ಗಂಡ ಹೇಳಿದ್ದ. ದೇವರ ಚಿತ್ತವೆಂದು ಆಕೆ ಎದೆ ಕಲ್ಲು ಮಾಡಿಕೊಂಡಿದ್ದಳು. ಈಗ ಕನ್ನಡಕ ಸರಿಮಾಡಿಕೊಂಡು 'ಮಗಳ ಫೋಟೋ' ಎಂಬುದರ ಕೆಳಗಿನ ಸಾಲು ಓದಿದಳು. ಗಂಡ ಆ ಪಾಸ್‌ವರ್ಡನ್ನು ಕೊನೆಯದಾಗಿ ಬಳಸಿದ್ದು ತಾನು ಸತ್ತ ದಿನದ ಬೆಳಿಗ್ಗೆ. ಅಷ್ಟು ಹೊತ್ತೂ ಅವನಿಗಾಗಿ ಒದ್ದೆಯಾಗಿದ್ದ ಆಕೆಯ ಕಣ್ಣು ಅಲ್ಲಿಗೇ ಒಣಗಿತು.