ಸಣ್ಣ ಕಾರಿನ ಕಪ್

ಆರು ಗಂಟೆಗಳ ಆ ಕಾರ್ ರೇಸಿನಲ್ಲಿ ಸಣ್ಣ ಕಾರುಗಳಿಗೆ ಬೇರೆಯೇ ಕಪ್ ಇತ್ತು. ಅದಕ್ಕೆ ಹೋರಾಡಿದವರು ಇಬ್ಬರೇ. ಎದುರಾಳಿಯ ಕಾರು ಗೋಡೆಗೆ ಗುದ್ದಿ ಹೊತ್ತಿಕೊಂಡಾಗ ಉತ್ತಯ್ಯ ತನ್ನ ಕಾರು ನಿಲ್ಲಿಸಿ, ಇಳಿದು ಓಡಿ, ಅವನನ್ನು ಬೆಂಕಿಯಿಂದ ಹೊರಗೆಳೆದಿದ್ದ. ಆಮೇಲೆ ಮತ್ತೆ ಓಡಿಸಿ ಗೆದ್ದೂ ಇದ್ದ.

ಫಲಿತಾಂಶದ ಹಾಳೆಯಲ್ಲಿ ಅವನ ಹೆಸರನ್ನು ಹೊಡೆದುಹಾಕಿದ್ದರು.

"ಟ್ರ್ಯಾಕಲ್ಲಿ ಕಾರು ಬಿಟ್ಟು ಇಳಿಯೋ ಹಾಗಿಲ್ಲ," ಎಂದರು ಅಧಿಕಾರಿ. "ದೂರು ಬರದಿದ್ರೆ ನಾವೂ ಸುಮ್ಮನಿರ್ತಿದ್ವಿ."

"ಇಳೀದಿದ್ರೆ ಅವನು ಬೂದಿಯಾಗ್ತಿದ್ದ ಸಾರ್. ದೂರು ಕೊಟ್ಟಿದ್ದು ಅವನ ಟೀಮಿನ ಯಜಮಾನ ತಾನೆ?"

"ಇಲ್ಲ, ಯಜಮಾನರು ದೂರು ಬೇಡ ಅಂದ್ರಂತೆ."

ಅಧಿಕಾರಿ ದೂರಿನ ಕಾಗದವನ್ನು ಅವನತ್ತ ತಳ್ಳಿದರು. ಕೆಳಗೆ ಸಹಿ ಇರಲಿಲ್ಲ. ಬಲಗೈ ಸುಟ್ಟವನು ಆಸ್ಪತ್ರೆಯ ಮಂಚದಿಂದಲೇ ಎಡಗೈ ಹೆಬ್ಬೆಟ್ಟು ಒತ್ತಿ ಕಳಿಸಿದ್ದ.